ಧನಲಕ್ಷ್ಮಿ ಇಳಿಸಿದ ತೂಕ

ಈ ಆಷಾಢದ ಒಂದು ಬೆಳಗ್ಗೆ ಧನಲಕ್ಷ್ಮಿ ಒಲೆಯ ಮೇಲೆ ಹಾಲಿಟ್ಟು, ಎದೆ ಹಿಡಿದಂತಾಗುತ್ತಿದೆ ಎಂದು ಕುರ್ಚಿಯಲ್ಲಿ ಕೂತವಳು ಮತ್ತೆ ಏಳಲಿಲ್ಲ. ಅವಳ ತಮ್ಮ ಧರ್ಮೇಂದ್ರ ಫೋನ್ ಮಾಡಿದಾಗ ನಾನು ಪ್ರೆಸ್ಸಿನಲ್ಲಿ ಯಾವುದೋ ಆಮಂತ್ರಣ ಪತ್ರಿಕೆಯ ಕರಡು ತಿದ್ದುತ್ತಿದ್ದೆ. ಯಾರ ಮದುವೆ, ಯಾವ ಛತ್ರ, ಒಂದೂ ಈಗ ನೆನಪಿಲ್ಲ.

ಸಾವಿನ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು: ಬಹಳ ಒಳ್ಳೆಯವಳು, ಯಾರ ಮನಸ್ಸನ್ನೂ ನೋಯಿಸಿದವಳಲ್ಲ. ಇದು ಶುದ್ಧ ಸುಳ್ಳು. ವಾರಕ್ಕೆ ಒಬ್ಬರನ್ನಾದರೂ ನೋಯಿಸದಿದ್ದರೆ ಅವಳಿಗೆ ತಿಂದದ್ದು ಅರಗುತ್ತಿರಲಿಲ್ಲ. ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ಹಟ. ಅವಳು ಹೇಗಿದ್ದಳೋ ಹಾಗೆಯೇ ಒಂದು ಕಡೆ ಉಳಿಯಲಿ ಎಂದು, ಅವಳು ಗೆದ್ದ ಒಂದು ಕೆಲಸದ ಬಗ್ಗೆ ಬರೆಯುತ್ತಿದ್ದೇನೆ.

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಶ್ರೀನಿವಾಸಯ್ಯನವರ ಪ್ರೆಸ್ಸಿದೆ. ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿ, ಕೊನೆಗೆ ಆ ಪ್ರೆಸ್ಸನ್ನೇ ಕೊಂಡುಕೊಂಡವರು ಅವರು. ಕ್ಯಾಲೆಂಡರ್, ಪಂಚಾಂಗ, ಮದುವೆ ಪತ್ರಿಕೆ, ಶಾಲೆಯ ಗೈಡುಗಳು ಅಲ್ಲಿ ಅಚ್ಚಾಗುತ್ತವೆ. ನಾನು ಕರಡು ತಿದ್ದುತ್ತೇನೆ. ಧನಲಕ್ಷ್ಮಿ ಬೈಂಡಿಂಗ್ ವಿಭಾಗದವಳು. ಹಾಳೆ ಮಡಿಸುವುದು, ಜೋಡಿಸುವುದು, ಹೊಲಿಯುವುದು ಅವಳ ಕೆಲಸ. ತಂದೆ ಅಶ್ವತ್ಥಪ್ಪ ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರುತ್ತಿದ್ದವರು. ಅವರ ನಂತರ ಅಂಗಡಿ ಧರ್ಮೇಂದ್ರನದಾಯಿತು. ಗಂಡನನ್ನು ಬೇಗ ಕಳೆದುಕೊಂಡ ಧನಲಕ್ಷ್ಮಿ ಆ ತಮ್ಮನ ಮನೆಯಲ್ಲೇ ಇದ್ದಳು.

ಅವಳು ಬರುವ ಮೊದಲು ಪ್ರೆಸ್ಸಿನಲ್ಲಿ ಮಧ್ಯಾಹ್ನದ ಊಟ ಸದ್ದಿಲ್ಲದೆ ಮುಗಿಯುತ್ತಿತ್ತು. ಒಬ್ಬೊಬ್ಬರೂ ಒಂದೊಂದು ಮೂಲೆ ಹಿಡಿದು, ಗೋಡೆಗೆ ಮುಖ ಮಾಡಿ ಡಬ್ಬಿ ಬಿಚ್ಚುತ್ತಿದ್ದೆವು. ಯಾರ ಮನೆಯದನ್ನು ಯಾರು ತಿನ್ನುತ್ತಾರೆ, ಯಾರು ತಿನ್ನುವುದಿಲ್ಲ ಎಂಬುದು ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರಿಗೂ ಗೊತ್ತಿದ್ದ ಸಂಗತಿ. ಧನಲಕ್ಷ್ಮಿ ಸೇರಿದ ವಾರವೇ ಕಟಿಂಗ್ ಟೇಬಲ್ಲಿನ ಮೇಲೆ ರದ್ದಿ ಹಾಳೆ ಹಾಸಿದಳು. ಒಬ್ಬೊಬ್ಬರ ಹತ್ತಿರವೂ ಹೋಗಿ ಡಬ್ಬಿಯ ಮುಚ್ಚಳ ಕಿತ್ತುಕೊಂಡು ಅದರ ಮೇಲೆ ತನ್ನ ಸೊಪ್ಪಿನ ಪಲ್ಯ ಬಡಿಸಿದಳು.

"ನಮ್ಮಪ್ಪ ಬೆಳಗ್ಗೆ ಆರಿಸಿ ತಂದಿರೋ ಸೊಪ್ಪು. ತಿಂದು ಹೆಂಗಿದೆ ಹೇಳಿ. ಚೆನ್ನಾಗಿಲ್ಲ ಅಂದ್ರೂ ಹೇಳಿ, ಬೈಕೊಂಡೇ ನಾಳೆನೂ ತರ್ತೀನಿ."

ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಗೋದಾ ಬಹಳ ಮಡಿಯ ಮನೆಯಿಂದ ಬಂದವಳು. ಮುಚ್ಚಳವನ್ನು ಸುಮಾರು ಹೊತ್ತು ನೋಡುತ್ತ ಕೂತಿದ್ದಳು. ಆಮೇಲೆ ತಿಂದಳು. ಮಾರನೆಯ ದಿನ ಅವಳ ಪುಳಿಯೋಗರೆ ಎಲ್ಲರ ಮುಚ್ಚಳಕ್ಕೂ ಬಂತು. ಅಂದಿನಿಂದ ಅದೇ ಪದ್ಧತಿಯಾಯಿತು: ತನ್ನ ಡಬ್ಬಿಗೆ ಕೈಯಿಡುವ ಮೊದಲು ಒಂದೊಂದು ಚಮಚ ಎಲ್ಲರ ಮುಚ್ಚಳಕ್ಕೂ ಹಾಕಬೇಕು. ಯಜಮಾನರಿಗೂ ಇದರಿಂದ ವಿನಾಯಿತಿ ಇರಲಿಲ್ಲ.

ಇನ್ನು ರವಿಕುಮಾರ್. ಆಫ್‌ಸೆಟ್ ಯಂತ್ರ ನಡೆಸುವವನು, ನಲವತ್ತರ ಅಂಚಿನಲ್ಲಿದ್ದವನು, ದಪ್ಪಗಿದ್ದವನು. ತಂದೆತಾಯಿ ಚಿಕ್ಕಂದಿನಲ್ಲೇ ಹೋದ ಮೇಲೆ ಅಕ್ಕ ಶಿವಕುಮಾರಿ ಬಟ್ಟೆ ಹೊಲಿದು ಅವನನ್ನು ಸಾಕಿದ್ದರು. ಇಬ್ಬರೂ ಮದುವೆಯಾಗಿರಲಿಲ್ಲ. ಊಟದ ವಿಷಯದಲ್ಲಿ ಅವನಷ್ಟು ರಗಳೆಯ ಮನುಷ್ಯನನ್ನು ನಾನು ಕಂಡಿಲ್ಲ. ಬದನೆ, ಬೆಂಡೆ, ಹೀರೆ, ಸೋರೆ, ಸೊಪ್ಪು ಯಾವುದೂ ಆಗದು. ಚಿತ್ರಾನ್ನದಲ್ಲಿ ಕರಿಬೇವಿನ ಎಲೆ ಕಂಡರೆ ಅದರ ಸುತ್ತಲಿನ ಅನ್ನವನ್ನೂ ಸೇರಿಸಿ ಎತ್ತಿಡುತ್ತಿದ್ದ. ಹಾಗಾಗಿ ಅವನ ಮುಚ್ಚಳಕ್ಕೆ ನಾವು ಪಲ್ಯ ಹಾಕುತ್ತಿರಲಿಲ್ಲ. ಅನ್ನದ ಬಗೆಗಳು, ಬೋಂಡ, ಹಪ್ಪಳ, ಸಿಹಿ ಮಾತ್ರ.

ಕೊರೊನಾ ಎಲ್ಲ ಮುಗಿದ ಮೇಲಿನ ಒಂದು ವರ್ಷ, ನವರಾತ್ರಿ ಕಳೆದ ವಾರ, ರವಿ ಡಬ್ಬಿ ಬಿಚ್ಚದೆ ಕೂತಿದ್ದ.

"ಏನೋ, ಹುಷಾರಿಲ್ವಾ?" ಎಂದಳು ಧನಲಕ್ಷ್ಮಿ.

"ಅಕ್ಕಂಗೆ ನನ್ ಕಿಡ್ನಿ ಹೊಂದುತ್ತಂತೆ."

ಶಿವಕುಮಾರಿಯವರ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ವಾರದಲ್ಲಿ ಮೂರು ಸಲ ಡಯಾಲಿಸಿಸ್ ಮಾಡಿಸುತ್ತಿದ್ದದ್ದು ನಮಗೆಲ್ಲ ಗೊತ್ತಿತ್ತು.

"ಒಳ್ಳೇದಲ್ವೇನೋ ಪೆದ್ದ! ಅದಕ್ಯಾಕೆ ಹಿಂಗೆ ಮುಖ ಮಾಡ್ಕೊಂಡಿದೀಯ?"

"ನನ್ ತೂಕ ಜಾಸ್ತಿ ಧನಕ್ಕ. ಹತ್ತು ಕೆಜಿ ಆದ್ರೂ ಇಳಿಸ್ಕೊಂಡ್ ಬಾ, ಇಲ್ದಿದ್ರೆ ನಿನ್ನನ್ನ ಟೇಬಲ್ ಮೇಲೆ ಮಲಗ್ಸೋಕೆ ಆಗಲ್ಲ ಅಂದ್ರು ಡಾಕ್ಟ್ರು. ಅದೂ ಬೇಸಿಗೆಯೊಳಗೆ. ಅಕ್ಕನ ಹಾರ್ಟು ವೀಕ್ ಆಗ್ತಾ ಇದೆಯಂತೆ. ಇನ್ನೂ ತಡ ಮಾಡಿದ್ರೆ ಅವಳು ತಡ್ಕೊಳ್ಳಲ್ಲ."

"ಬೇರೆ ಯಾರೂ ಕೊಡೋರಿಲ್ವಾ?"

"ನಮಗ್ಯಾರಿದಾರೆ? ನಾನೇ." ಅವನು ಡಬ್ಬಿಯನ್ನು ಆಚೆ ತಳ್ಳಿದ. "ಬೇಯಿಸಿದ ತರಕಾರಿ ತಿನ್ನು ಅಂತಾರೆ. ನಿನ್ನೆ ಸೋರೆಕಾಯಿ ಬಾಯಿಗಿಟ್ಟೆ, ವಾಂತಿ ಬಂತು. ನನ್ ನಾಲಿಗೆಯಿಂದ ನಮ್ಮಕ್ಕ ಸಾಯ್ತಾಳೆ ಅಷ್ಟೇ."

ಧನಲಕ್ಷ್ಮಿ ಅವನ ಡಬ್ಬಿಯನ್ನು ಎತ್ತಿ ಅವನ ಚೀಲಕ್ಕೆ ಹಾಕಿದಳು. "ಬೆಳಗ್ಗೆ ಎರಡು ಇಡ್ಲಿ ತಿನ್ನು. ರಾತ್ರಿ ಒಂದು ಮುದ್ದೆ, ಮಜ್ಜಿಗೆ. ಮಧ್ಯಾಹ್ನದ್ದು ನನಗೆ ಬಿಡು. ನಾಳೆಯಿಂದ ಡಬ್ಬಿ ತರಬೇಡ."

ಮೊದಲ ಪ್ರಯತ್ನ ಕಳ್ಳತನದ್ದು. ಸಿಹಿಕುಂಬಳಕಾಯಿ ಬೇಯಿಸಿ, ನುಣ್ಣಗೆ ಅರೆದು, ಅಕ್ಕಿಹಿಟ್ಟಿಗೆ ಕಲಸಿ ತೆಳ್ಳಗೆ ರೊಟ್ಟಿ ತಟ್ಟಿ ತಂದಳು. ರವಿ ಕೆಲವು ದಿನ ಹೊಗಳಿಕೊಂಡು ತಿಂದ. ಅವಳು ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದಳು. ಒಂದು ದಿನ ರೊಟ್ಟಿಯಲ್ಲಿ ಸಿಪ್ಪೆಯ ಚೂರೊಂದು ಸಿಕ್ಕಿಬಿತ್ತು.

"ಧನಕ್ಕ, ಇದೇನಿದು?"

"ಏನಿಲ್ವೋ, ಹಿಟ್ಟು."

"ಹಿಟ್ಟಿಗೆ ಸಿಪ್ಪೆ ಇರುತ್ತಾ? ಚಿಕ್ ಮಗೂಗೆ ಮಾಡ್ದಂಗೆ ನಂಗೆ ಮೋಸ ಮಾಡ್ತಿದೀರಾ!"

ಎದ್ದು ಹೋದವನು ಮೂಲೆಯ ದರ್ಶಿನಿಯಲ್ಲಿ ಪೂರಿ ಸಾಗು ತಿಂದು ಬಂದ. ಸಂಜೆ ಉಮಾ ಟಾಕೀಸಿನ ತನಕ ನಾನೂ ಧನಲಕ್ಷ್ಮಿಯೂ ಜೊತೆಯಲ್ಲಿ ನಡೆಯುವುದು ರೂಢಿ. ಆವತ್ತು ದಾರಿಯುದ್ದಕ್ಕೂ ಅವಳು ಅವನನ್ನು ಬೈದಳು. ವೃತ್ತ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ನಿಲ್ಲಿಸಿ, "ತಪ್ಪು ನಂದೇ ಕಣೇ ವಾಣಿ," ಎಂದಳು. "ಏನು ತಿಂತಿದೀನಿ ಅಂತ ತಿನ್ನೋನಿಗೆ ಗೊತ್ತಿರ್ಬೇಕು. ಇನ್ಮೇಲೆ ಬಚ್ಚಿಡಲ್ಲ."

ಆಮೇಲೆ ಅವಳು ಅವನ ಬಾಯನ್ನೇ ಗಮನಿಸತೊಡಗಿದಳು. ಪ್ರೆಸ್ಸಿನ ಗೇಟಿನ ಹತ್ತಿರ ಮಧ್ಯಾಹ್ನ ಒಂದು ಗಾಡಿ ನಿಲ್ಲುತ್ತದೆ. ಸೌತೆಕಾಯಿ ಸೀಳಿ ಉಪ್ಪುಕಾರ ಸವರಿ ಕೊಡುತ್ತಾರೆ. ಒಂದು ದಿನ ಚಹಾಕ್ಕೆಂದು ಹೊರಗೆ ಬಂದ ನಮ್ಮ ಕಣ್ಣೆದುರೇ ರವಿ ಅಲ್ಲಿ ನಿಂತು ಒಂದರ ಮೇಲೊಂದು ಸೌತೆಕಾಯಿ ಮುಗಿಸುತ್ತಿದ್ದ. ಧನಲಕ್ಷ್ಮಿ ಸೊಂಟದ ಮೇಲೆ ಕೈಯಿಟ್ಟುಕೊಂಡಳು.

"ಇದು ತರಕಾರಿ ಅಲ್ವೇನೋ?"

"ಇದು ಸೌತೆಕಾಯಿ."

"ಸೌತೆಕಾಯಿನ ಬೇಕರೀಲಿ ಮಾಡ್ತಾರಾ?"

ರವಿ ಅಗಿಯುವುದನ್ನು ನಿಲ್ಲಿಸಿ ಯೋಚಿಸಿದ. ಅಷ್ಟು ವರ್ಷಗಳಲ್ಲಿ ಅವನಿಗೇ ಹೊಳೆದಿರದ ಮಾತು ಅದು. "ಇದು ಕಟುಂ ಅನ್ನುತ್ತೆ ಧನಕ್ಕ. ಪಲ್ಯ ಪಿಚಕ್ ಅನ್ನುತ್ತೆ. ಆ ಪಿಚಕ್ ನನಗಾಗಲ್ಲ."

"ಹಸಿ ಮಾವಿನಕಾಯಿ?"

"ತಿಂತೀನಿ."

"ರಾಮನವಮಿ ಕೋಸಂಬರಿ?"

"ಎರಡು ಸಲ ಹಾಕಿಸ್ಕೊಳ್ತೀನಿ."

"ಅಯ್ಯೋ ನಿನ್ನ!" ಎಂದು ಅವನ ಬೆನ್ನಿಗೆ ಒಂದು ಗುದ್ದು ಗುದ್ದಿದಳು. ಅವನ ಜಗಳ ತರಕಾರಿಯ ಜೊತೆಗಲ್ಲ, ಬೆಳಗ್ಗೆ ಬಿಸಿಬಿಸಿಯಾಗಿ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಿ, ಮಧ್ಯಾಹ್ನದ ತನಕ ತನ್ನ ಹಬೆಯಲ್ಲೇ ಮೆತ್ತಗಾದ ತರಕಾರಿಯ ಜೊತೆಗೆ.

ಅಂದಿನಿಂದ ಡಬ್ಬಿಯ ರೀತಿಯೇ ಬೇರೆಯಾಯಿತು. ಬೀನ್ಸನ್ನು ಅರೆಬೇಯಿಸಿ ತಣ್ಣೀರಿಗೆ ಹಾಕಿ ತೆಗೆದು, ಚಮಚ ಎಣ್ಣೆಯಲ್ಲಿ ಸಾಸಿವೆ ಸಿಡಿಸಿ, ಫ್ಯಾನಿನ ಕೆಳಗೆ ಆರಿದ ಮೇಲೆಯೇ ಮುಚ್ಚಳ ಹಾಕುವುದು. ನವಿಲುಕೋಸಿನ ತುರಿ, ಕ್ಯಾರೆಟ್ ತುರಿ, ನೆನೆದ ಹೆಸರುಬೇಳೆ. ನಿಂಬೆಹೋಳು ಮತ್ತು ಉಪ್ಪು ಕಾಗದದ ಪೊಟ್ಟಣದಲ್ಲಿ ಬೇರೆ, ಏಕೆಂದರೆ ಮೊದಲೇ ಬೆರೆಸಿದರೆ ನೀರು ಬಿಟ್ಟುಕೊಳ್ಳುತ್ತದೆ. ಎಲೆಕೋಸು ಬಿಸಿ ಕಾವಲಿಯ ಮೇಲೆ ಒಂದೆರಡು ಸಲ ಹೊರಳಿದರೆ ಸಾಕು. ಹೊಟ್ಟೆ ತುಂಬಲು ಕಡಲೆಕಾಳಿನ ಉಸ್ಲಿ, ತೆಳ್ಳನೆಯ ಜೋಳದ ರೊಟ್ಟಿ. ಕೊನೆಗೆ ಒಂದು ಹಿಡಿ ಅನ್ನಕ್ಕೆ ಮಜ್ಜಿಗೆ.

"ಇದು ಸೋಮಾರಿಗಳ ಅಡುಗೆ ಕಣೇ," ಎನ್ನುತ್ತಿದ್ದಳು ನನಗೆ. "ಒಲೆ ಹಚ್ಚೋದ್ರೊಳಗೆ ಆರಿಸಿಬಿಡ್ತೀನಿ. ಇಷ್ಟು ವರ್ಷ ಗಂಟೆಗಟ್ಟಲೆ ನಿಂತು ಬೇಯಿಸ್ತಿದ್ನಲ್ಲ, ನನ್ನ ತಲೆಗಿಷ್ಟು."

ರವಿ ತಿಂದ. ಪ್ರತಿದಿನ ತಿಂದ. ಡಬ್ಬಿ ತೊಳೆದಷ್ಟು ಖಾಲಿಯಾಗಿ ವಾಪಸ್ಸು ಬರುತ್ತಿತ್ತು. ಕಾರ್ತಿಕ ಮಾಸ ಬಂತು. ಪ್ರೆಸ್ಸಿನಲ್ಲಿ ಕ್ಯಾಲೆಂಡರ್ ಕೆಲಸ ಉಸಿರಾಡಲು ಬಿಡದಷ್ಟು. ಕಡಲೆಕಾಯಿ ಪರಿಷೆ ಮುಗಿದ ಮೇಲೆ ಆಸ್ಪತ್ರೆಯಲ್ಲಿ ತೂಕ ನೋಡಿಸಿಕೊಂಡು ಬಾ ಎಂದು ಅವನನ್ನು ಕಳಿಸಿದೆವು. ಧನಲಕ್ಷ್ಮಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಎಷ್ಟು ಇಳೀತು?"

"ಒಂದು ಕೆಜಿ ಏರಿದೆ."

"ಏರಿದೆಯಾ? ಎಲ್ಲೋ ತಿಂದೆ? ದರ್ಶಿನಿಗೆ ಹೋಗ್ತಿದೀಯಾ? ವಿ.ವಿ. ಪುರಂ ತಿಂಡಿ ಬೀದಿಗೆ ಹೋಗ್ತಿದೀಯಾ? ನಿಜ ಹೇಳು!"

"ಅಕ್ಕನಾಣೆ ಇಲ್ಲ ಧನಕ್ಕ. ನೀವು ಕೊಟ್ಟಿದ್ ಬಿಟ್ಟು ಬೇರೆ ಡಬ್ಬಿ ಮುಟ್ಟಿಲ್ಲ." "ಅಕ್ಕನ ಕೈ ನೋಡ್ಬೇಕು ನೀವು. ಸೂಜಿ ಚುಚ್ಚೋಕೆ ಜಾಗ ಉಳಿದಿಲ್ಲ."

ಮಾರನೆಯ ದಿನ ಧನಲಕ್ಷ್ಮಿ ತನ್ನ ಡಬ್ಬಿ ಬಿಚ್ಚಲಿಲ್ಲ. ಸುಮ್ಮನೆ ಟೇಬಲ್ಲನ್ನು ನೋಡುತ್ತ ಕೂತಳು. ಗೋದಾ ಪುಳಿಯೋಗರೆ ಹಾಕಿದಳು. ಶ್ರೀನಿವಾಸಯ್ಯನವರು ಮನೆಯಿಂದ ಬಂದ ಅವರೆಬೇಳೆ ಉಪ್ಪಿಟ್ಟು ಹಾಕಿದರು, ಮೇಲೊಂದು ನಿಪ್ಪಟ್ಟು. ನಾನು ಒಬ್ಬಟ್ಟು ಹಾಕಿದೆ. ಎಲ್ಲ ರವಿಯ ಮುಚ್ಚಳಕ್ಕೆ. ಒಂದು ಚಮಚವಲ್ಲ, ಎರಡೆರಡು. ಪಾಪ, ಹುಡುಗ ಸಪ್ಪೆ ಊಟ ಮಾಡುತ್ತಾನೆ, ಅಕ್ಕನ ಚಿಂತೆ ಬೇರೆ ಎಂದು ಎಲ್ಲರಿಗೂ ಒಳಗೊಳಗೇ ಮರುಕ. ಬೇರೆಯವರೂ ಹಾಗೆಯೇ ಮಾಡುತ್ತಿದ್ದಾರೆ ಎಂಬುದನ್ನು ಒಬ್ಬರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮುಚ್ಚಳದ ಮೇಲಿನದು ಊಟವೇ ಅಲ್ಲ, ರುಚಿ ನೋಡುವುದು ಎಂದು ರವಿಯೂ ತಿಳಿದಿದ್ದ.

"ನಿಲ್ಸಿ!" ಎಂದಳು ಧನಲಕ್ಷ್ಮಿ. ಯಂತ್ರದ ಸದ್ದಿನಲ್ಲೂ ಕೇಳುವಂಥ ದನಿ. ಅವನ ಡಬ್ಬಿಯನ್ನು ಒಂದು ಕೈಯಲ್ಲಿ, ಮುಚ್ಚಳವನ್ನು ಇನ್ನೊಂದು ಕೈಯಲ್ಲಿ ಎತ್ತಿ ತೂಗಿ ತೋರಿಸಿದಳು. ಮುಚ್ಚಳದ ಕೈ ಕೆಳಗಿಳಿದಿತ್ತು. "ನೋಡಿ, ನಾನು ಇಳಿಸೋದು, ನೀವೆಲ್ಲ ಏರಿಸೋದು!"

ಗೋದಾಳ ಕಣ್ಣು ತುಂಬಿತು. ಅಂದಿನಿಂದ ರವಿಗೆ ಯಾರೂ ಏನೂ ಹಾಕಕೂಡದು ಎಂದು ತೀರ್ಮಾನವಾಯಿತು. ಸರಿಯೇ ಎನಿಸಿತು. ಆದರೆ ಎಲ್ಲರ ಮುಚ್ಚಳ ತುಂಬುತ್ತಿರುವಾಗ ಅವನದೊಂದು ಮಾತ್ರ ಬರಿದಾಗಿ ಹೊಳೆಯುತ್ತಿತ್ತು. ನಾವು ಒಬ್ಬರಿಗೊಬ್ಬರು ಕೊಡುವಾಗ ಅವನನ್ನು ನೋಡದಂತೆ ಕೊಡುತ್ತಿದ್ದೆವು. ಕೆಲವು ದಿನ ಸಹಿಸಿಕೊಂಡವನು, ಒಂದು ಮಧ್ಯಾಹ್ನ ಯಂತ್ರದ ನೆಪ ಹೇಳಿ ಬರಲೇ ಇಲ್ಲ. ಧನಲಕ್ಷ್ಮಿ ಹುಡುಕಿಕೊಂಡು ಹೋದಳು. ಹಿಂದೆಯೇ ನಾನೂ ಹೋದೆ. ಕಾಗದದ ಗೋದಾಮಿನಲ್ಲಿ, ರೀಮುಗಳ ಸಂದಿಯಲ್ಲಿ, ಗೋಡೆಗೆ ಮುಖ ಮಾಡಿಕೊಂಡು ಅವನು ಊಟ ಮಾಡುತ್ತಿದ್ದ.

ಅವಳು ಅಲ್ಲಿಂದಲೇ ವಾಪಸ್ಸು ಬಂದು ಟೇಬಲ್ಲಿನ ತುದಿಯಲ್ಲಿ ನಿಂತಳು.

"ಈ ಪ್ರೆಸ್ಸಲ್ಲಿ ಇನ್ನೊಂದ್ಸಲ ಯಾರೂ ಗೋಡೆ ನೋಡ್ಕೊಂಡು ತಿನ್ನೋದು ಬೇಡ. ಮುಚ್ಚಳಕ್ಕೆ ಹಾಕೋ ಪದ್ಧತಿ ಶುರು ಮಾಡಿದೋಳು ನಾನು. ಅದನ್ನ ನಿಲ್ಸಲ್ಲ. ನಾಳೆಯಿಂದ ರವಿ ಮುಚ್ಚಳಕ್ಕೆ ಏನು ಹಾಕಬಹುದೋ ಅದನ್ನೇ ಎಲ್ಲರೂ ತನ್ನಿ. ಹಸೀದು, ಕಟುಂ ಅನ್ನೋದು, ಎಣ್ಣೆ ಕಮ್ಮಿ ಇರೋದು. ಅನ್ನ ಒಬ್ಬರೇ ತರೋದು, ಎಲ್ಲರಿಗೂ ಒಂದೊಂದು ಹಿಡಿ."

"ಎಣ್ಣೆ ಇಲ್ದೆ ಪುಳಿಯೋಗರೆ ಆಗುತ್ತೇನ್ರೀ?" ಎಂದಳು ಗೋದಾ.

"ನಿಮ್ಮನೇಲಿ ಕೋಸಂಬರಿ ಮಾಡೋಕೆ ಬರಲ್ವಾ? ಊರಿಗೆಲ್ಲ ಹೇಳ್ಕೊಡೋರು ನೀವೇ."

ಶ್ರೀನಿವಾಸಯ್ಯನವರು ಮೆಲ್ಲಗೆ, "ನಮ್ಮನೇಲಿ ಕೇಳ್ಬೇಕಮ್ಮ. ಅಷ್ಟಕ್ಕೂ ನಾನ್ಯಾರಿಗೆ ಕಿಡ್ನಿ ಕೊಡಬೇಕಾಗಿದೆ?" ಎಂದರು.

"ನಿಮ್ಮ ಹೊಟ್ಟೆ ನೋಡಿದ್ರೆ ಇಬ್ಬರಿಗೆ ಕೊಡೋ ಹಂಗಿದೆ ಯಜಮಾನ್ರೇ."

ಯಜಮಾನರೇ ಮೊದಲು ನಕ್ಕರು. ಅವರು ನಕ್ಕ ಮೇಲೆ ಯಾರಿಗೂ ತಪ್ಪಿಸಿಕೊಳ್ಳಲು ದಾರಿ ಉಳಿಯಲಿಲ್ಲ.

ಆ ಚಳಿಗಾಲದಲ್ಲಿ ನಾವು ತಿಂದಂಥ ಊಟವನ್ನು ಮತ್ತೆ ತಿಂದಿಲ್ಲ. ಗೋದಾ ಮಾವಿನಶುಂಠಿ ಹಾಕಿದ ಹೆಸರುಬೇಳೆ ಕೋಸಂಬರಿ ತಂದಳು. ಒಂದು ವಾರ ಮುನಿಸಿಕೊಂಡು ತಂದಳು, ಆಮೇಲೆ ಪೈಪೋಟಿಯಿಂದ ತಂದಳು. ಯಜಮಾನರ ಮನೆಯಿಂದ ಮೊಳಕೆ ಹುರುಳಿಕಾಳು. ನಾನು ಮೂಲಂಗಿ ಮೊಸರುಬಜ್ಜಿ ತರುತ್ತಿದ್ದೆ. ಮೊಸರು ಬೇರೆ, ಮೂಲಂಗಿ ಬೇರೆ, ತಿನ್ನುವಾಗ ಬೆರೆಸುವುದು. ಧರ್ಮೇಂದ್ರನ ಅಂಗಡಿಯಿಂದ ಎಳೆಯ ಸೌತೆ, ಎಳೆಯ ಬೀನ್ಸು. ರವಿಯ ಮುಚ್ಚಳ ಮತ್ತೆ ತುಂಬಿತು. ಅವನು ಗೋದಾಮಿಗೆ ಹೋಗುವುದನ್ನು ಬಿಟ್ಟ. ಸಂಜೆ ಅಕ್ಕನನ್ನು ಡಯಾಲಿಸಿಸ್‌ನಿಂದ ಮನೆಗೆ ಬಿಟ್ಟು, ಲಾಲ್‌ಬಾಗಿಗೆ ನಡೆಯಲು ಹೋಗತೊಡಗಿದ. ಅವರೆಕಾಯಿ ಕಾಲದಲ್ಲಿ ವಿ.ವಿ. ಪುರಂ ತಿಂಡಿ ಬೀದಿಯ ವಾಸನೆ ಬಂದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತೇನೆ ಎಂದ. ಸಂಕ್ರಾಂತಿಯ ಹೊತ್ತಿಗೆ ಬೆಲ್ಟಿಗೆ ಹೊಸ ತೂತು ಹಾಕಿಸಬೇಕಾಯಿತು. ಯಜಮಾನರೂ ಹಾಕಿಸಿಕೊಂಡರು, ಯಾರಿಗೂ ಹೇಳಬೇಡ ಎಂದು ನನಗೆ ಹೇಳಿದರು, ನಾನು ಧನಲಕ್ಷ್ಮಿಗೆ ಹೇಳಿದೆ, ಅವಳು ಬೀದಿಗೆಲ್ಲ ಹೇಳಿದಳು.

ಒಂದು ಮಧ್ಯಾಹ್ನ ಶಿವಕುಮಾರಿಯವರೇ ಆಟೋದಲ್ಲಿ ಬಂದರು. ಮುಖ ಊದಿತ್ತು, ಕೈಗೆ ಪಟ್ಟಿ. ಟೇಬಲ್ಲಿನ ಹತ್ತಿರ ಕೂತು, ರವಿ ಹಸಿ ನವಿಲುಕೋಸು ಅಗಿಯುವುದನ್ನು ನಂಬಲಾಗದೆ ನೋಡಿದರು.

"ಇವನನ್ನ ಕೆಡಿಸಿದ್ದು ನಾನೇ ಧನಮ್ಮ. ಸಾರಲ್ಲಿ ಹೋಳು ಸಿಕ್ಕಿದ್ರೆ ನಾನೇ ಆರಿಸಿ ತೆಗೀತಿದ್ದೆ. ಅಪ್ಪ ಅಮ್ಮ ಇಲ್ದ ಮಗು, ಊಟಕ್ಕೆ ಕೂತಾಗ ಅಳಬಾರ್ದು ಅಂತ." ಆಮೇಲೆ ದನಿ ತಗ್ಗಿಸಿ, "ಅವನಿಗೆ ನೀವಾದ್ರೂ ಹೇಳಿ. ನನಗೆ ಇವನ ಕಿಡ್ನಿ ಬೇಡ. ಬೆಳೆಸಿದ ಕೈಯಲ್ಲೇ ಕಿತ್ಕೊಳ್ಳೋದು ಹೆಂಗೆ?"

"ಬೇಡ ಅಂದ್ರೆ ನನಗೆ ಕೊಟ್ಬಿಡಿ," ಎಂದಳು ಧನಲಕ್ಷ್ಮಿ. "ಇಷ್ಟು ತಿಂಗಳು ಕೋಸು ತುರಿದು ತುರಿದು ನನ್ನ ಬೆರಳು ಸವೆದಿದೆ. ಅವನು ಬೇರೆಯವರಿಗೆ ತಿಂತಿದಾನೆ ಅಂದ್ಕೊಂಡ್ರಾ? ನಿಮಗೇ ತಿಂತಿರೋದು. ಸುಮ್ನೆ ತಗೊಳ್ಳಿ."

ಶಿವಕುಮಾರಿ ಅಳುತ್ತಲೇ ನಕ್ಕರು.

ಶಿವರಾತ್ರಿ ಕಳೆದು ತೂಕ ನೋಡಿದಾಗ ಹನ್ನೊಂದು ಕೆಜಿ ಇಳಿದಿತ್ತು. ವೈದ್ಯರು ಇನ್ನೊಮ್ಮೆ ನಿಲ್ಲಿಸಿ ನೋಡಿದರಂತೆ. ಪರೀಕ್ಷೆಗಳು, ಕಾಗದಪತ್ರ, ಒಪ್ಪಿಗೆ ಎಲ್ಲ ಮುಗಿದು, ಯುಗಾದಿ ಕಳೆದ ಒಂದು ಗುರುವಾರ ಶಸ್ತ್ರಚಿಕಿತ್ಸೆ ನಿಗದಿಯಾಯಿತು. ಆಸ್ಪತ್ರೆಯಲ್ಲಿ ಕಾಯಲು ಒಬ್ಬರಿಗೆ ಮಾತ್ರ ಅವಕಾಶವಿತ್ತು. ಧನಲಕ್ಷ್ಮಿ ಧರ್ಮೇಂದ್ರನನ್ನು ಅಂಗಡಿ ಮುಚ್ಚಿಸಿ ಕಳಿಸಿದ್ದಳು. ತಾನು ಪ್ರೆಸ್ಸಿನಲ್ಲಿ ಕೂತು ಹಾಳೆ ಮಡಿಸುತ್ತಿದ್ದಳು. ತಪ್ಪಾಗಿ ಮಡಿಸುತ್ತಿದ್ದಳು, ಹಿಂದಿನಿಂದ ನಾನು ಬಿಚ್ಚಿ ಸರಿ ಮಾಡುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ರವಿಯನ್ನು ಹೊರಗೆ ತಂದರು, ಚೆನ್ನಾಗಿದ್ದಾನೆ ಎಂದು ಸುದ್ದಿ ಬಂತು. ಶಿವಕುಮಾರಿಯ ಸುದ್ದಿ ಇಲ್ಲ. ಯಾರೂ ಊಟಕ್ಕೆ ಏಳಲಿಲ್ಲ. ಹೊರಗಿನ ಕೋಣೆಯಲ್ಲಿ ವಯಸ್ಸಾದ ದಂಪತಿ ಮೊಮ್ಮಗಳ ಮದುವೆ ಪತ್ರಿಕೆಯ ಕರಡು ನೋಡುತ್ತ, ಲಗ್ನದ ಹೆಸರು ಸರಿಯಿದೆಯೇ ಎಂದು ಯಜಮಾನರ ಜೊತೆ ಚರ್ಚಿಸುತ್ತಿದ್ದರು. ಆಗ ಧನಲಕ್ಷ್ಮಿಯ ಫೋನ್ ಬಡಿಯಿತು. ಅವಳು ಕಿವಿಗಿಟ್ಟುಕೊಂಡಳು. ಕೇಳಿದಳು. "ಇನ್ನೊಂದ್ಸಲ ಹೇಳೋ," ಎಂದಳು. ಆಮೇಲೆ ಎದ್ದು ನಿಂತಳು.

"ಶಿವಕುಮಾರಿಗೆ ಉಚ್ಚೆ ಬಂತು ಕಣ್ರೋ!"

ಗೋದಾ ಕೂತಲ್ಲಿಂದಲೇ ಚೀರಿದಳು. ರವಿಯ ಬದಲಿಗೆ ಬಂದಿದ್ದವನು ಯಂತ್ರ ನಿಲ್ಲಿಸಿದ. ಡಯಾಲಿಸಿಸ್ ಶುರುವಾದ ಮೇಲೆ ಆ ಹೆಂಗಸಿನ ಮೈಯಿಂದ ಹನಿ ಮೂತ್ರ ಬರುವುದೂ ನಿಂತುಹೋಗಿತ್ತು. ಹೊಲಿದ ಸ್ವಲ್ಪ ಹೊತ್ತಿಗೇ ತಮ್ಮನ ಮೂತ್ರಪಿಂಡ ಅಕ್ಕನೊಳಗೆ ಕೆಲಸ ಹಿಡಿದಿತ್ತು.

ಹೊರಗಿನ ಕೋಣೆಯಲ್ಲಿ ಆ ಹಿರಿಯರು ಕನ್ನಡಕ ತೆಗೆದು, "ಯಾರಿಗೆ ಬಂತಂತೆ?" ಎಂದು ಕೇಳಿದರು.

"ನಮ್ಮ ಹುಡುಗನ ಅಕ್ಕನಿಗೆ ಸ್ವಾಮಿ," ಎಂದರು ಶ್ರೀನಿವಾಸಯ್ಯನವರು, ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತ. "ಕಿಡ್ನಿ ಹಾಕಿದ್ರು. ಕೆಲಸ ಮಾಡ್ತಿದೆಯಂತೆ."

"ಓಹೋ! ಶುಭ ಸಮಾಚಾರ," ಎಂದರು ಹಿರಿಯರು. ಅವರ ಹೆಂಡತಿ, "ಮದುವೆ ಪತ್ರಿಕೆ ಕೈಲಿ ಹಿಡ್ಕೊಂಡಿದ್ದಾಗಲೇ ಕೇಳಿದ್ವಲ್ಲ, ನಮ್ಮ ಹುಡುಗಿಗೂ ಒಳ್ಳೇದಾಗುತ್ತೆ ಬಿಡಿ," ಎಂದರು.

ಧನಲಕ್ಷ್ಮಿ ಫೋನಿನಲ್ಲಿ ತಮ್ಮನಿಗೆ ಅಪ್ಪಣೆ ಕೊಡುತ್ತಿದ್ದಳು. "ಎಷ್ಟು ಬಂತು ಅಂತ ನರ್ಸಮ್ಮನ್ನ ಕೇಳು. ಕೇಳ್ಕೊಂಡು ಕೇಳ್ಕೊಂಡು ಹೇಳ್ತಾ ಇರು." ಧರ್ಮೇಂದ್ರ ಪಾಪ ಹಾಗೆಯೇ ಮಾಡಿದ. ಸಂಜೆಯವರೆಗೂ ಫೋನ್ ಬಂದಾಗಲೆಲ್ಲ ಅವಳು ಕ್ರಿಕೆಟ್ ಸ್ಕೋರ್ ಕೂಗುವಂತೆ ಕೂಗಿದಳು: ಅರ್ಧ ಲೀಟರ್! ಒಂದು ಲೀಟರ್! ನಾವು ಪ್ರತಿ ಸಲವೂ ಚಪ್ಪಾಳೆ ತಟ್ಟಿದೆವು.

"ಸಾಕಮ್ಮ," ಎಂದರು ಯಜಮಾನರು ಕೊನೆಗೆ. "ಅಕ್ಕಪಕ್ಕದವರು ಏನಂದ್ಕೋತಾರೆ."

"ಏನಂದ್ಕೋತಾರೆ? ಅವರಿಗೂ ಗೊತ್ತಾಗ್ಲಿ," ಎಂದಳು. ಬಾಗಿಲಿಗೆ ಹೋಗಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಇಡೀ ಅಡ್ಡರಸ್ತೆಗೆ ಕೇಳುವಂತೆ ಇನ್ನೊಂದು ಸಲ ಕೂಗಿದಳು.